ಹೊಟ್ಟಿನ ಒಲೆ, ಹೊಟ್ಟಿನ ಇಂಜಿನ್ನು

1959ರ ಡಿಸೆಂಬರ್ ಏಳು, ಸೋಮವಾರ, ಬೆಳಿಗ್ಗೆ ಆರೂಕಾಲು. ಗುಬ್ಬಿಯಲ್ಲಿ ನಮ್ಮ ಮನೆಯ ಹಿತ್ತಿಲ ಗೋಡೆಯ ಆಚೆಗಿದ್ದ ಮರ ಕೊಯ್ಯುವ ಮಿಲ್ಲಿನಲ್ಲಿ ಹಬೆ ಇಂಜಿನ್ನಿಗೆ ಮೊದಲ ಸಲ ಬೆಂಕಿ ಹಾಕಿದ್ದು ಆಗ. ಡೈರಿಯಲ್ಲಿ ಆ ದಿನದ ಕೆಳಗೆ ನಾನು ಬರೆದಿರುವುದು ಇಷ್ಟೇ: ‘ಚಳಿ. ಅಪ್ಪ ಕಾಫಿ ಕುಡಿಯದೆ ಹೋದರು. ಎಂಟೂವರೆಗೆ ಗರಗಸ ತಿರುಗಿತು.’

ಅಪ್ಪ ಆ ಮಿಲ್ಲಿನ ಇಂಜಿನ್ ನೋಡಿಕೊಳ್ಳುವವರು. ನನಗೆ ಆಗ ಹದಿನೇಳು, ಎಸ್.ಎಸ್.ಎಲ್.ಸಿ. ಮುಗಿದಿತ್ತು. ಮುಂದಿನ ಜೂನಿಗೆ ತುಮಕೂರಿಗೆ ಟೀಚರ್ಸ್ ಟ್ರೈನಿಂಗಿಗೆ ಹೋಗಬೇಕೆಂದು ಮಾತಾಗಿತ್ತು. ಆ ಖರ್ಚು ಬರಬೇಕಾಗಿದ್ದದ್ದು ಅಮ್ಮನ ಇಡ್ಲಿಯಿಂದ. ಅಮ್ಮ ದಿನಾ ಬೆಳಿಗ್ಗೆ ಹಿತ್ತಿಲ ಗೋಡೆಗೆ ಇಳಿಸಿದ ಸೂರಿನಡಿ ತಟ್ಟೆ ಇಡ್ಲಿ ಬೇಯಿಸಿ, ಮುಂದಿನ ಜಗಲಿಯಲ್ಲಿಟ್ಟು ಮಾರುತ್ತಿದ್ದಳು. ಚೇಳೂರಿನ ಬಸ್ಸು ನಮ್ಮ ಬೀದಿಯ ಕೊನೆಯಲ್ಲೇ ನಿಲ್ಲುತ್ತಿದ್ದುದರಿಂದ ಗಿರಾಕಿಗಳಿಗೆ ಬರವಿರಲಿಲ್ಲ.

ಅದುವರೆಗೆ ಮಿಲ್ಲು ಓಡುತ್ತಿದ್ದದ್ದು ಡೀಸೆಲ್ ಇಂಜಿನ್ನಿನಲ್ಲಿ. ಊರಿಗೆ ಕರೆಂಟು ಬಂದಿತ್ತು, ಆದರೆ ಗರಗಸ ತಿರುಗಿಸುವಂಥ ದೊಡ್ಡ ಮೋಟರಿಗೆ ಸಿಕ್ಕಿರಲಿಲ್ಲ. ಡೀಸೆಲ್ ಖರ್ಚು ತಡೆಯಲಾರದೆ ಮಿಲ್ಲಿನ ಯಜಮಾನರು ಕುಣಿಗಲ್ ಕಡೆ ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯಿಂದ ಹಳೆಯ ಹಬೆ ಇಂಜಿನ್ ತರಿಸಿದರು. ಅದರ ಬಾಯ್ಲರಿಗೆ ಡೀಸೆಲ್ ಬೇಡ, ಕಲ್ಲಿದ್ದಲು ಬೇಡ. ಮಿಲ್ಲಿನಲ್ಲೇ ಬೀಳುವ ತೊಗಟೆ, ಅಂಚಿನ ಚಕ್ಕೆ, ಗರಗಸದ ಕೆಳಗೆ ಉದುರುವ ಹೊಟ್ಟು ಹಾಕಿದರೆ ಸಾಕು. ಮರವನ್ನು ಕೊಯ್ದು ಉಳಿದ ಕಸವೇ ಮುಂದಿನ ಮರವನ್ನು ಕೊಯ್ಯುತ್ತದೆ ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅವರ ಸಂತೋಷ ನೋಡಿ ನಮಗೂ ಸಂತೋಷವಾಗಿತ್ತು. ಅದು ಬರಿಯ ಕಸವಲ್ಲ ಎನ್ನುವುದು ನಮ್ಮಲ್ಲಿ ಯಾರಿಗೂ ಆ ವಾರ ಹೊಳೆಯಲಿಲ್ಲ.

ನಮ್ಮ ಬೀದಿಯ ಅಡಿಗೆಯೆಲ್ಲ ಆಗುತ್ತಿದ್ದದ್ದು ಆ ಹೊಟ್ಟಿನಲ್ಲಿ. ಹೊಟ್ಟಿನ ಒಲೆ ಅಂದರೆ ಒಂದು ಸೀಮೆಎಣ್ಣೆ ಡಬ್ಬ, ಅದರ ಬುಡದ ಪಕ್ಕದಲ್ಲೊಂದು ತೂತು. ಡಬ್ಬದ ನಡುವೆ ಶೀಷೆ ನಿಲ್ಲಿಸಿ ಸುತ್ತ ಹೊಟ್ಟು ಗಿಡಿದು ಒತ್ತಬೇಕು; ಶೀಷೆಯನ್ನು ನಿಧಾನಕ್ಕೆ ತಿರುಗಿಸಿ ಎತ್ತಿದರೆ ನಡುವೆ ಬಾವಿಯ ಹಾಗೆ ದಾರಿ ಉಳಿಯುತ್ತದೆ. ಕೆಳಗಿನ ತೂತಿನಿಂದ ಬೆಂಕಿ ಕೊಟ್ಟರೆ ಒಳಗಿನಿಂದ ಹೊರಕ್ಕೆ ಒಂದೇ ಸಮ ಉರಿಯುತ್ತದೆ. ಊದುವುದಿಲ್ಲ, ಸೌದೆ ಮುಂದಕ್ಕೆ ತಳ್ಳುವುದಿಲ್ಲ. ಇಡ್ಲಿಗೆ ಬೇಕಾದದ್ದು ಅಂಥ ಉರಿಯೇ.

ಪ್ರತಿ ಶನಿವಾರ ಸಂಜೆ ಗರಗಸ ನಿಂತ ಮೇಲೆ ಹೊಟ್ಟಿನ ಗುಂಡಿ ಖಾಲಿ ಮಾಡಿಸುತ್ತಿದ್ದರು. ಹೆಂಗಸರು ಗೋಣಿಚೀಲ ಹಿಡಿದು ಸಾಲಾಗಿ ನಿಲ್ಲುವುದು. ಮೊದಲ ಚೀಲ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೋ ಆ ಮನೆಗೆ, ಏಕೆಂದರೆ ಬಾಣಂತಿಗೂ ಮಗುವಿಗೂ ದಿನಾ ಹಂಡೆ ನೀರು ಕಾಯಬೇಕು. ಇದನ್ನು ಯಾರು ಗೊತ್ತುಮಾಡಿದರೋ ತಿಳಿಯದು. ಆ ಚೀಲಕ್ಕೆ ಯಾರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಮಿಕ್ಕ ಚೀಲಗಳಿಗೆ ಮಾತ್ರ ಧಾರಾಳವಾಗಿ ಆಡುತ್ತಿದ್ದರು.

ಡಿಸೆಂಬರ್ ಹನ್ನೆರಡರ ಶನಿವಾರ ಗುಂಡಿಯಲ್ಲಿ ಹೊಟ್ಟು ಇರಲಿಲ್ಲ. ವಾರದ ಹೊಟ್ಟೆಲ್ಲ ಬಾಯ್ಲರಿಗೆ ಹೋಗಿತ್ತು. ಹೆಂಗಸರು ಖಾಲಿ ಚೀಲ ಹಿಡಿದು ನೇರ ನಮ್ಮ ಜಗಲಿಗೆ ಬಂದರು. ಎದುರು ಮನೆಯ ಅಕ್ಕಯ್ಯ ಎಲ್ಲರಿಗಿಂತ ಮುಂದೆ. ಅವಳ ಮಗಳು ಹೆರಿಗೆಗೆ ಬಂದು, ಮಗುವಿಗೆ ಆಗಿನ್ನೂ ಎಂಟು ದಿನ.

‘ಏನ್ ಕಣಮ್ಮಿ, ನಿನ್ ಗಂಡ ಕಬ್ಬಿಣದ್ ಎಮ್ಮೆ ಕಟ್ಕಂಡವ್ನಲ್ಲ! ಬೀದಿ ಹೊಟ್ಟನ್ನೆಲ್ಲಾ ಒಂದೇ ವಾರಕ್ಕೆ ಮೇದ್ ಹಾಕದೆ. ಹಾಲಾದ್ರೂ ಕರೀತದಾ?’

‘ನನ್ ಕೇಳಿದ್ರೆ ನಾನೇನ್ ಹೇಳ್ಲಿ ಅಕ್ಕಯ್ಯಾ? ನೋಡ್ ಬಾ, ನನ್ ಡಬ್ಬಾನೂ ಖಾಲಿನೇ’ ಎಂದಳು ಅಮ್ಮ.

‘ಗಂಡನ್ನ ಕೇಳಮ್ಮಿ, ಮೊಮ್ಮಗೂಗೆ ತಣ್ಣೀರ್ ಉಯ್ಯಾನಾ ಅಂತ.’

ಅಪ್ಪ ಮನೆಗೆ ಬಂದಾಗ ಅಮ್ಮ ಅದನ್ನೇ ಕೇಳಿದಳು. ‘ಬೀದಿ ಒಲೆನೆಲ್ಲಾ ಆರ್ಸಿ ಇಂಜಿನ್ ಓಡುಸ್ತೀರೇನ್ರೀ?’

‘ನಾನೆಲ್ಲೇ ಆರ್ಸ್ದೆ? ಡೀಸೆಲ್ ಸುರಿಯಕ್ಕೆ ಯಜಮಾನ್ರ ಕೈಲಿ ಆಗಲ್ಲ. ಮಿಲ್ ಮುಚ್ಚುದ್ರೆ ಹೊಟ್ಟೂ ಇಲ್ಲ, ನನ್ ಕೆಲ್ಸಾನೂ ಇಲ್ಲ.’

‘ಹಂಗಾರೆ ಇಡ್ಲಿನೂ ನಿಮ್ ಇಂಜಿನ್ ಮೇಲೇ ಬೇಯ್ಸಿ. ನನ್ ಕೈಲಾಗಲ್ಲ.’

ಅಮ್ಮ ಹೇಳಿದ್ದು ಸಿಟ್ಟಿಗೆ. ಅಪ್ಪ ಊಟ ಬಿಟ್ಟು ಗೋಡೆಯನ್ನೇ ನೋಡುತ್ತ ಕೂತರು.

ಮುಂದಿನ ವಾರ ಅಮ್ಮ ಸೌದೆಯಲ್ಲಿ ಬೇಯಿಸಿದಳು. ಸೂರಿನಡಿ ಹೊಗೆ ತುಂಬಿ ಕಣ್ಣು ಕೆಂಪಾಗುತ್ತಿತ್ತು. ಉರಿ ಒಮ್ಮೆ ಏರಿ ಒಮ್ಮೆ ಇಳಿದು ಕೆಲವು ತಟ್ಟೆ ಬೇಯುತ್ತಿದ್ದವು, ಕೆಲವು ಅಂಟಂಟಾಗುತ್ತಿದ್ದವು. ನಾಲ್ಕು ಒಬ್ಬೆ ಬೇಯಿಸುತ್ತಿದ್ದವಳು ಎರಡಕ್ಕೆ ಇಳಿದಳು. ಜೂನಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಭಾನುವಾರ ಅಪ್ಪ ಹಿತ್ತಿಲ ಗೋಡೆಗೆ ತೂತು ಕೊರೆದರು. ಇಂಜಿನ್ನಿನಲ್ಲಿ ಕೆಲಸ ಮುಗಿಸಿದ ಹಬೆ, ಬಾಯ್ಲರಿನ ಹೊಗೆ ಕೊಳವೆಯ ಮೂಲಕ ಸುಮ್ಮನೆ ಆಕಾಶಕ್ಕೆ ಹೋಗುತ್ತಿತ್ತು. ಅದರಲ್ಲಿ ಅರ್ಧವನ್ನು ಒಂದು ಪೈಪಿನಲ್ಲಿ ನಮ್ಮ ಸೂರಿನಡಿಗೆ ತಿರುಗಿಸಿದರು. ಪೂರ್ತಿ ತಿರುಗಿಸುವ ಹಾಗಿರಲಿಲ್ಲ. ಆ ಹಬೆ ಕೊಳವೆಯಲ್ಲಿ ಮೇಲೆ ನುಗ್ಗಿದರೇ ಬೆಂಕಿಗೆ ಗಾಳಿ ಎಳೆಯುವುದು. ‘ಹೆಂಗೂ ದಂಡವಾಗಿ ಹೋಗೋ ಹಬೆ. ಇಡ್ಲಿಗೆ ಬೇಕಾಗಿರೋದೂ ಹಬೆನೇ ತಾನೆ?’ ಎಂದರು. ನನಗೂ ಲೆಕ್ಕ ಸರಿ ಎನಿಸಿತು. ಅಮ್ಮ ಮಾತ್ರ ಪೈಪಿನ ಬಾಯನ್ನು ಮೂಸಿ ನೋಡಿದಳು.

ಸೋಮವಾರ ಅಪ್ಪ ಕತ್ತಲಲ್ಲೇ ಎದ್ದು ಬೆಂಕಿ ಹಾಕಿ ಏಳಕ್ಕೆಲ್ಲ ಇಂಜಿನ್ ಹೊರಡಿಸಿದರು. ಹಬೆ ಬುಸುಬುಸು ಬಂದು ಇಡ್ಲಿ ಪಾತ್ರೆ ತುಂಬಿತು. ಅಷ್ಟು ಬೇಗ ಇಡ್ಲಿ ಬೆಂದದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಹೂವಿನ ಹಾಗೆ ಉಬ್ಬಿದ್ದವು, ಸ್ವಲ್ಪ ಹಳದಿ. ಬಿಸಿ ಹಬೆಯಲ್ಲಿ ವಾಸನೆ ನಮಗೆ ಗೊತ್ತಾಗಲಿಲ್ಲ. ಚೇಳೂರು ಬಸ್ಸಿನ ಕಂಡಕ್ಟರು ದಿನದಂತೆ ಬಂದು, ಒಂದು ತುತ್ತು ಬಾಯಿಗಿಟ್ಟು, ಹಾಗೇ ನಿಂತ.

‘ಯಾಕಣ್ಣಾ?’ ಎಂದಳು ಅಮ್ಮ.

‘ಏನಿಲ್ಲ ಕಣಕ್ಕಾ. ಇಡ್ಲಿಗೆ ಇಂಜಿನ್ ಆಯಿಲ್ ಬಿಟ್ಟಿದ್ದೀಯಲ್ಲ, ಇನ್ನೆರಡು ಕಟ್ಕೊಡು, ನಮ್ ಗಾಡೀಗೂ ತಿನ್ನುಸ್ತೀನಿ. ಬೆಳಿಗ್ಗೆಯಿಂದ ಕುಯ್ಯೋ ಅಂತ ಒದರ್ತಾ ಅದೆ.’

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಇಂಜಿನ್ನಿನ ಸಿಲಿಂಡರ್ ಸವೆಯದಿರಲು ಬಿಡುವ ಎಣ್ಣೆ ಹಬೆಯ ಜೊತೆ ಹೊರಕ್ಕೆ ಬರುತ್ತದೆ. ಅಷ್ಟುದ್ದ ಪೈಪಿನಲ್ಲಿ ಎಣ್ಣೆ ದಾರಿಯಲ್ಲೇ ಉಳಿದುಬಿಡುತ್ತದೆ ಎಂದು ಅಪ್ಪ ಅಂದುಕೊಂಡಿದ್ದರಂತೆ. ಅಮ್ಮ ಬೆಂದಿದ್ದ ತಟ್ಟೆಗಳನ್ನೆಲ್ಲ ಎಮ್ಮೆಯ ಬಾನಿಗೆ ಸುರಿದಳು. ಎಮ್ಮೆಯೂ ಅದನ್ನು ಮುಟ್ಟಲಿಲ್ಲ. ಮರುದಿನ ಜಗಲಿಗೆ ಬಂದವರು ಇಬ್ಬರೇ. ಅದರಲ್ಲೊಬ್ಬ ಬಂದದ್ದು ಇಡ್ಲಿ ಮೂಸಿ ನೋಡಿ ಹೋಗುವುದಕ್ಕೆ.

‘ಆ ಪೈಪ್ ಕೀಳ್ರೀ ಮೊದ್ಲು’ ಎಂದಳು ಅಮ್ಮ. ಅಪ್ಪ ಭಾನುವಾರ ಕೀಳುತ್ತೇನೆ ಎಂದು, ಅಲ್ಲಿಯ ತನಕ ಅದರ ಬಾಯನ್ನು ಗೋಡೆಗುಂಟ ಚಾಚಿ ಮೋರಿಗೆ ಬಿಟ್ಟರು. ಹಬೆ ಮೋರಿಗೆ ಹೋದರೂ ಪೈಪು ದಿನವಿಡೀ ಮುಟ್ಟಲಾರದಷ್ಟು ಕಾದಿರುತ್ತಿತ್ತು.

ಬುಧವಾರ ಅಮ್ಮ ಮಿಲ್ಲಿನ ಅಂಗಳದಲ್ಲಿ ಚೆಲ್ಲಿದ್ದ ಹೊಟ್ಟನ್ನು ಗುಡಿಸಿ ತಂದಳು. ಹಸಿ ಹಲಸಿನ ದಿಮ್ಮಿಯ ಹೊಟ್ಟು, ಹಿಂಡಿದರೆ ಅಂಗೈ ಒದ್ದೆ. ಅಂಥದ್ದನ್ನು ಬಿಸಿಲಿನಲ್ಲಿ ಚಾಪೆಯ ಮೇಲೆ ಎರಡು ದಿನ ಹರಡದೆ ಯಾವ ಹೆಂಗಸೂ ಒಲೆಗೆ ಹಾಕುತ್ತಿರಲಿಲ್ಲ. ಆ ದಿನ ಮೋಡ. ಅಮ್ಮ ಒಂದು ತಗಡನ್ನು ಪೈಪಿನ ಮೇಲಿಟ್ಟು ಹೊಟ್ಟು ಹರಡಿದಳು. ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ಅದು ಬೆರಳ ಸಂದಿಯಲ್ಲಿ ಮರಳಿನ ಹಾಗೆ ಜಾರುವಷ್ಟು ಒಣಗಿತ್ತು. ಅಪ್ಪ ಒಂದು ಹಿಡಿ ತೆಗೆದು ನೋಡಿದರು.

‘ನೀವು ಇಂಜಿನ್‌ಗೆ ಒಣಗ್ಸಿ ಹಾಕ್ತೀರೋ, ಹಂಗೇ ಸುರೀತೀರೋ?’ ಅಮ್ಮ ಕೇಳಿದಳು.

‘ಹಂಗೇ.’

‘ಅದಕ್ಕೇ ಅಷ್ಟ್ ಹೊಗೆ.’

ಅಪ್ಪ ಊಟ ಮುಗಿಸದೆ ಎದ್ದು ಹೋದರು. ಅರ್ಧ ಗಂಟೆಯಲ್ಲಿ ವಾಪಸು ಬಂದು ನನಗೆ, ‘ಮಗಾ, ನಿನ್ ಡೈರಿ ತಗೊಂಡ್ ಬಾ, ಬುಟ್ಟಿ ಎಣ್ಸು’ ಎಂದರು.

ಎರಡು ದಿನ ಹಸಿ ಹೊಟ್ಟು, ಎರಡು ದಿನ ಒಣಗಿಸಿದ ಹೊಟ್ಟು. ಬಾಯ್ಲರಿನ ಬಾಯಿಗೆ ಹೋದ ಪ್ರತಿ ಬುಟ್ಟಿಗೂ ನಾನು ಒಂದು ಗೀಟು ಹಾಕಿದೆ. ಕೊಯ್ದ ಮರ ಹೆಚ್ಚುಕಡಿಮೆ ಅಷ್ಟೇ. ಹಸಿಯದು ಮೂರು ಬುಟ್ಟಿ ಹೋಗುತ್ತಿದ್ದ ಕಡೆ ಒಣಗಿದ್ದು ಎರಡೇ ಹೋಯಿತು. ಮೂರನೆಯ ಬುಟ್ಟಿಯ ಬೆಂಕಿಯೆಲ್ಲ ಹೊಟ್ಟಿನೊಳಗಿನ ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತಿತ್ತು. ಆಕಾಶಕ್ಕೆ ಹೋಗುತ್ತಿದ್ದ ಹಬೆ ಅದೇ ಕೆಲಸವನ್ನು ಪುಕ್ಕಟೆ ಮಾಡುವುದಾದರೆ ಆ ಬುಟ್ಟಿ ಉಳಿಯುತ್ತದೆ.

ಉಳಿದದ್ದು ಯಾರಿಗೆ ಎನ್ನುವುದು ಮಾತ್ರ ನನ್ನ ಗೀಟುಗಳಲ್ಲಿ ಇರಲಿಲ್ಲ. ಯಜಮಾನರು ಲೆಕ್ಕ ನೋಡಿ, ಉಳಿದ ಹೊಟ್ಟನ್ನು ತುಮಕೂರಿನ ಇಟ್ಟಿಗೆ ಗೂಡಿನವರು ಕೊಳ್ಳುತ್ತಾರೇನೋ ಕೇಳೋಣ ಎಂದರು. ಅಪ್ಪ ಅದನ್ನು ಮನೆಗೆ ಬಂದು ಹೇಳಿದರು. ಅಮ್ಮ ತಗಡಿನಲ್ಲಿ ಒಣ ಹೊಟ್ಟು ಹಿಡಿದು ಮಿಲ್ಲಿನ ಬಾಗಿಲಿಗೇ ಹೋದಳು. ಹಿಂದೆ ಅಕ್ಕಯ್ಯ, ಅವಳ ಹಿಂದೆ ಮತ್ತೆ ಆರು ಜನ.

‘ಸ್ವಾಮೀ, ಇದನ್ನ ಒಣಗ್ಸೋರು ಯಾರು? ಗಳಿಗೆಗೊಂದ್ಸಲ ತಿರುವಿ ಹಾಕ್ದಿದ್ರೆ ಅಡಿ ಹೊಟ್ಟು ಸೀದು ಕಿಡಿ ಹತ್ತದೆ. ಮಿಲ್ಲೇ ಹೋಗ್ತದೆ’ ಎಂದಳು ಅಮ್ಮ.

‘ಒಬ್ಬ ಆಳಿಡ್ತೀನಿ, ಬುಡಮ್ಮ.’

‘ಆಳು ಬೀಡಿ ಸೇದ್ತಾನೆ ಕಣ್ ಸ್ವಾಮಿ’ ಎಂದಳು ಅಕ್ಕಯ್ಯ. ‘ನಾವ್ ತಿರುವ್ತೀವಿ. ಕೂಲಿ ಬ್ಯಾಡ. ಉಳಿದ್ ಹೊಟ್ಟು ಬೀದಿಗ್ ಬುಡಿ.’

ಯಜಮಾನರು ಹೊಟ್ಟನ್ನು ನೋಡಿದರು, ಮಾಡಿನ ಹೊಸ ಹೆಂಚನ್ನು ನೋಡಿದರು. ‘ಮೊದ್ಲು ಒಂದ್ ತಿಂಗ್ಳು ನೋಡಾನ’ ಎಂದರು.

ಅಪ್ಪ ಗೋಡೆಯ ಪಕ್ಕದಲ್ಲಿ ಇಟ್ಟಿಗೆಯದೊಂದು ಉದ್ದನೆ ಕಟ್ಟೆ ಕಟ್ಟಿ, ಒಳಗೆ ಪೈಪನ್ನು ಎರಡು ಸುತ್ತು ತಿರುಗಿಸಿ, ಮೇಲೆ ತಗಡು ಹಾಸಿದರು. ಹೆಂಗಸರು ಸರದಿಯ ಮೇಲೆ ಬಂದು ಕುಂಟೆ ಎಳೆದ ಹಾಗೆ ಹೊಟ್ಟು ತಿರುವುತ್ತಿದ್ದರು. ಚಳಿಗಾಲದಲ್ಲಿ ಊರಿನ ಬೆಚ್ಚನೆಯ ಜಾಗ ಅದೇ ಆದ್ದರಿಂದ ಸರದಿ ಇಲ್ಲದವರೂ ಬಂದು ಕೂರುತ್ತಿದ್ದರು. ಜನವರಿ ಒಂಬತ್ತರ ಶನಿವಾರ ಗುಂಡಿಯ ಪಕ್ಕ ಮತ್ತೆ ಚೀಲಗಳ ಸಾಲು. ಮೊದಲಿನಷ್ಟು ಸಿಗಲಿಲ್ಲ; ಮನೆಗೆ ಅರ್ಧ ಚೀಲ. ತಿರುವಿದವರಿಗೆ ಮಾತ್ರ ಎಂದು ಮಾತಾಗಿತ್ತು, ಆದರೆ ಅಕ್ಕಯ್ಯನ ಮಗಳು ಒಂದು ದಿನವೂ ತಿರುವದೆ ಪೂರ್ತಿ ಚೀಲ ಪಡೆದಳು. ಅದಕ್ಕೆ ಆಗಲೂ ಯಾರೂ ಜಗಳವಾಡಲಿಲ್ಲ.

ಅಮ್ಮನ ಅರ್ಧ ಚೀಲ ವಾರಕ್ಕೆ ಸಾಲುತ್ತಿರಲಿಲ್ಲ. ಕೊನೆಯ ಎರಡು ದಿನ ಸೌದೆಯೇ. ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸು ಬಂದರು. ಕಂಡಕ್ಟರು ಕೊನೆಗೆ ಬಂದ. ‘ಆಯಿಲ್ ಇಲ್ದೇನೆ ಎರಡು ಕೊಡಕ್ಕಾ’ ಎಂದ. ಅಮ್ಮ ಅವನಿಗೆ ಚಟ್ನಿ ಕಡಿಮೆ ಹಾಕಿದಳು. ಮೇ ತಿಂಗಳಿಗೆ ಮೂರು ಒಬ್ಬೆಯಾಯಿತು. ಜೂನಿನಲ್ಲಿ ನಾನು ತುಮಕೂರಿಗೆ ಹೋದೆ.

ಟ್ರೈನಿಂಗಿನಲ್ಲಿ ಉಷ್ಣದ ಪಾಠ ಕೇಳುವಾಗ ನಾನು ಆ ಕಟ್ಟೆಯನ್ನೇ ನೆನೆಯುತ್ತಿದ್ದೆ. ಡೈರಿಯಲ್ಲಿ ನಾನು ಎಣಿಸಿದ್ದು ಬಾಯ್ಲರಿನ ಒಳಕ್ಕೆ ಹೋದದ್ದನ್ನು. ಹೊರಕ್ಕೆ ಹೋಗುತ್ತಿದ್ದದ್ದನ್ನು ಎಣಿಸಬೇಕೆಂದು ತೋಚಿರಲಿಲ್ಲ. ಕೆಲಸ ಮುಗಿಸಿದ ಹಬೆಯಲ್ಲಿ ಇನ್ನೂ ಅಷ್ಟು ಕೆಲಸ ಉಳಿದಿತ್ತು ಎಂಬುದನ್ನು ಅಪ್ಪ ತಪ್ಪಾಗಿಯೇ ಆದರೂ ಮೊದಲು ಊಹಿಸಿದರು. ಇಡ್ಲಿ ಕೆಡದಿದ್ದರೆ ಆ ಹಬೆ ಹೊಟ್ಟಿನ ಹತ್ತಿರ ಬರುತ್ತಲೇ ಇರಲಿಲ್ಲ.

1965ರ ಮಾರ್ಚಿನಲ್ಲಿ ಮಿಲ್ಲಿಗೆ ದೊಡ್ಡ ಮೋಟರಿನ ಕರೆಂಟು ಬಂತು. ಅಪ್ಪ ಈಗ ಸ್ವಿಚ್ ಹಾಕುತ್ತಾರೆ. ಇಂಜಿನ್ನನ್ನು ಯಾರೋ ಲಾರಿಯಲ್ಲಿ ಕೊಂಡುಹೋದರು, ಪೈಪಿನ ಸಮೇತ. ಶನಿವಾರ ಹೊಟ್ಟು ಈಗ ಬೇಕಾದಷ್ಟು, ಮನೆಗೆ ಎರಡು ಚೀಲ. ಆದರೆ ಎಲ್ಲವೂ ಹಸಿ. ಬೇಸಿಗೆಯಲ್ಲಿ ತೊಂದರೆಯಿಲ್ಲ, ಮಳೆ ಹಿಡಿದರೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಹೋದ ವರ್ಷ ಆಷಾಢದಲ್ಲೂ ಈ ವರ್ಷವೂ ಅಮ್ಮ ತಿಂಗಳುಗಟ್ಟಲೆ ಸೌದೆಯಲ್ಲಿ ಬೇಯಿಸಿದಳು. ಡಾಕ್ಟರು ಕಣ್ಣಿಗೆ ಹೊಗೆ ತಾಗಬಾರದು ಎಂದಿದ್ದಾರೆ. ಇಡ್ಲಿ ನಿಲ್ಲಿಸು ಎಂದರೆ ಅಮ್ಮ ಕೇಳುವವಳಲ್ಲ.

ಹೋದ ತಿಂಗಳು ನಾನು ಪಾಠ ಹೇಳುವ ಶಾಲೆಯಿಂದ ರಜಕ್ಕೆ ಗುಬ್ಬಿಗೆ ಬಂದಾಗ ಅಪ್ಪ ಒಂದು ಸಂಗತಿ ಹೇಳಿದರು. ಇಂಜಿನ್ ಕುಣಿಗಲ್ಲಿನಿಂದ ಬಂದಾಗ, ಹಬೆ ಹೊರಹೋಗುವ ಜಾಗದಲ್ಲಿ ಆಗಲೇ ಒಂದು ಪಕ್ಕದ ಬಾಯಿತ್ತಂತೆ, ಅದನ್ನು ತಗಡಿನಿಂದ ಮುಚ್ಚಿ ಬೋಲ್ಟು ಬಿಗಿದಿದ್ದರಂತೆ. ಅಂದರೆ ಅಕ್ಕಿ ಗಿರಣಿಯಲ್ಲೂ ಯಾರೋ ಆ ಹಬೆಯನ್ನು ಯಾವುದಕ್ಕೋ ಬಳಸುತ್ತಿದ್ದರು. ಭತ್ತ ಒಣಗಿಸುವುದಕ್ಕೋ, ನೀರು ಕಾಯಿಸುವುದಕ್ಕೋ, ನಮಗೆ ತಿಳಿಯದು. ಇದನ್ನು ಓದುವ ಕುಣಿಗಲ್ ಕಡೆಯವರು ಯಾರಾದರೂ ಅದನ್ನು ಕಂಡಿದ್ದರೆ ಈ ಪತ್ರಿಕೆಗೆ ನಾಲ್ಕು ಸಾಲು ಬರೆಯಬೇಕು. ಇಂಜಿನ್ ಇಲ್ಲದ ಮನೆಯಲ್ಲಿ, ಮಳೆಗಾಲದಲ್ಲಿ, ಹಸಿ ಹೊಟ್ಟು ಒಣಗಿಸುವ ದಾರಿ ಬಲ್ಲವರಿದ್ದರೆ ಅವರು ಮೊದಲು ಬರೆಯಬೇಕು. ಅಳತೆ, ಬುಟ್ಟಿ, ಹೊತ್ತು ಸಮೇತ ತಿಳಿಸಿದರೆ ನಾನು ಮಾಡಿನೋಡಿ, ಆಗಿದ್ದನ್ನೂ ಆಗದಿದ್ದನ್ನೂ ಅವರಿಗೆ ಬರೆಯುತ್ತೇನೆ. ಮುಂದಿನ ಮಳೆಗಾಲಕ್ಕೆ ಮುಂಚೆ ಬಂದರೆ ಒಳ್ಳೆಯದು.