ಎಡಗೈ ಎತ್ತಿದ ಹುಡುಗಿ

ನಮ್ಮ ಬಿ.ಎಡ್. ಕಾಲೇಜಿನಲ್ಲಿ ಎಲ್ಲರೂ ಹೇಳುವುದು ಒಂದೇ: ಪರೀಕ್ಷೆಯ ಪಾಠದ ದಿನ ಮುಗದ ಊರಿನ ನನ್ನ ಗೆಳತಿಗೆ ಗಾಬರಿಯಾಯಿತು, ಪಾಠ ಮುಗಿಸಲಾಗದೆ ಫೇಲಾದಳು. ಗಾಬರಿ? ನಾನು ಹಿಂದಿನ ಬೆಂಚಿನಲ್ಲೇ ಇದ್ದೆ. ಆ ಕೋಣೆಯಲ್ಲಿ ಗಾಬರಿಯಾಗದವಳು ಅವಳೊಬ್ಬಳೇ. ಪಾಠ ಮುಗಿಯಲಿಲ್ಲ, ಅದನ್ನು ಒಪ್ಪುತ್ತೇನೆ. ಚರ್ಚೆಯಲ್ಲಿ ಎದುರಾಳಿಗೆ ಸಲ್ಲುವುದನ್ನು ಮೊದಲೇ ಕೊಟ್ಟುಬಿಡಬೇಕು.

ಪಾಠವಿದ್ದದ್ದು ಹಳೇ ಹುಬ್ಬಳ್ಳಿಯ ಒಂದು ಶಾಲೆಯಲ್ಲಿ. ಹಿಂದಿನ ದಿನವೇ ಹೋಗಿ ಮಕ್ಕಳಿಗೆ ತಾಲೀಮು ಕೊಡುವುದು ನಮ್ಮ ರೂಢಿ. ಹೇಳಿಕೊಟ್ಟವರು ಗಣಿತ ಕಲಿಸುವುದನ್ನು ನಮಗೆ ಕಲಿಸುವ ಸರ್ ಅವರೇ: "ಎಲ್ಲಾ ಹುಡುಗ್ರೂ ಕೈ ಎತ್ತಬೇಕು. ಉತ್ತರ ಬರೋರು ಬಲಗೈ, ಬರದವರು ಎಡಗೈ. ನೀವು ಬಲಗೈಯವರನ್ನ ಅಷ್ಟ ಎಬ್ಬಸ್ರಿ." ಹೊರಗಿನಿಂದ ಬಂದ ಪರೀಕ್ಷಕರಿಗೆ ಬರೀ ಜಾಣರೇ ಕಾಣುತ್ತಾರೆ.

ಗೆಳತಿಗೆ ಇದು ಕಡೆಯ ಅವಕಾಶ. ಈ ಸಲ ಪಾಸಾಗದಿದ್ದರೆ ಓದು ಸಾಕು ಎಂದು ಅತ್ತೆಯ ಮನೆಯಲ್ಲಿ ಹೇಳಿಯಾಗಿತ್ತು. ಆದರೂ ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಎಷ್ಟು ಎಂದು ಕೇಳಿ, ಎಡಗೈ ಎತ್ತಿದ್ದ ಹುಡುಗಿಯನ್ನು ಎಬ್ಬಿಸಿದಳು.

"ಐದನೇ ಎರಡು ರಿ."

ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು. ಗೆಳತಿ ತಪ್ಪು ಅನ್ನಲಿಲ್ಲ.

"ಐದು ಪಾಲಿನ್ಯಾಗ ಎರಡು ಪಾಲು ಅಂದ್ರ ಅರ್ಧಕ್ಕಿಂತ ಹೆಚ್ಚೋ, ಕಡಿಮಿಯೋ?"

"ಕಡಿಮಿ ರಿ."

"ಅರ್ಧಾ ರೊಟ್ಟಿ ತಿಂದಿ. ಮ್ಯಾಲ ಇನ್ನೊಂದು ತುಣುಕು ತಿಂದಿ. ಆದ್ರೂ ಒಟ್ಟು ಅರ್ಧಕ್ಕಿಂತ ಕಡಿಮಿನ ತಿಂದ್ಯಾ?"

"ಅಯ್ಯ, ಅದ್ಹೆಂಗ ಆಗ್ತೈತ್ರಿ ಅಕ್ಕೋರ!"

ಹಲಗೆಯ ಮೇಲೆ ರೊಟ್ಟಿ ಬರೆದು, ಆರು ಪಾಲು ಮಾಡಿ, ಐದು ಪಾಲು ಎಣಿಸಿ ತೋರಿಸಿದ್ದು ಆ ಹುಡುಗಿಯೇ. ಅಷ್ಟರಲ್ಲಿ ಗಂಟೆಯಾಯಿತು. ಪಾಠದ ಉಳಿದ ಭಾಗವೆಲ್ಲ ಹಾಗೇ ನಿಂತಿತು. ಪಾಠ ಅಪೂರ್ಣ ಎಂದು ಬರೆದುಕೊಂಡು ಪರೀಕ್ಷಕರು ಎದ್ದು ಹೋದರು.

ಸರ್ ಮಕ್ಕಳೆದುರೇ ಅಂದರು: "ರೊಟ್ಟಿ ಲೆಕ್ಕಾ ಛಲೋ ಬರ್ತೈತವಾ ತಂಗಿ. ಸಾಲಿ ಬಿಟ್ಟು ಖಾನಾವಳಿ ಇಡು."

ಮಕ್ಕಳು ನಕ್ಕರು. ಆ ಹುಡುಗಿಯೂ ನಕ್ಕಳು. ಎಲ್ಲರೂ ನಗುವಾಗ ನಗದೆ ಇರಲು ಅವಳಿಗೆ ಯಾರೂ ತಾಲೀಮು ಕೊಟ್ಟಿರಲಿಲ್ಲ. ಸರ್ ಅವಳತ್ತ ತಿರುಗಿದರು: "ನಗು, ನಗು. ನಿನ್ನ ಸಲುವಾಗೇ ನಿಮ್ಮ ಅಕ್ಕೋರು ಫೇಲಾದ್ರು."

ಆಮೇಲೆ ನಮ್ಮಲ್ಲಿ ಇನ್ನೊಬ್ಬರು ಮಾಡಿದ ಪಾಠದಲ್ಲಿ ಆ ಹುಡುಗಿ ಯಾವ ಕೈಯನ್ನೂ ಎತ್ತಲಿಲ್ಲ. ಗೆಳತಿ ಮತ್ತೆ ಕಾಲೇಜಿಗೆ ಬರಲಿಲ್ಲ. ಮುಂದೊಂದು ದಿನ ಧಾರವಾಡದ ಬಸ್ಸಿಗೆ ನಿಂತಿದ್ದಾಗ ಸರ್ ಅವರನ್ನು ಕೇಳಿದೆ:

"ಬಲಗೈಯವರಿಗೆ ಉತ್ತರ ಮೊದ್ಲೇ ಬರ್ತಿತ್ತು. ಹಂಗಾದ್ರ ಅವತ್ತು ಆ ಕೋಣ್ಯಾಗ ಕಲಿತವರು ಯಾರ್ರಿ, ಸರ್?"