ಜಡೆಮ್ಮನ ಬೆಲ್ಲದ ಗಂಟು

ಎಪ್ಪತ್ತರ ದಶಕದ ಮಾತು. ಕಾಲುವೆಗೆ ನೀರು ಬಂದು ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಶುರುವಾಯಿತೆಂದರೆ ಜಡೆಮ್ಮನ ಮನೆ ಕಟ್ಟೆಯ ತುಂಬ ಮಕ್ಕಳೇ ಮಕ್ಕಳು. ಗಂಡ ತೀರಿಹೋಗಿ, ಹೆತ್ತ ಕೂಸು ಒಂದೂ ಉಳಿಯದೆ ಒಂಟಿಯಾದ ಹೆಂಗಸು ಅವಳು. ಕೂಲಿಗೆ ಹೋಗುವ ತಾಯಂದಿರು ಬೆಳಗಾಗುತ್ತಲೇ ಕೂಸುಗಳನ್ನು ಅವಳ ಮಡಿಲಿಗೆ ಹಾಕಿ ನಿಶ್ಚಿಂತೆಯಾಗಿ ಹೋಗುತ್ತಿದ್ದರು. ಅದೇನು ಮಾಯವೋ, ಅವಳ ಹತ್ತಿರ ಒಂದು ಕೂಸೂ ಅಳುತ್ತಿರಲಿಲ್ಲ! ಓಣಿಯವರು ಹೊಗಳಿದರೆ ಜಡೆಮ್ಮ ಸೆರಗು ಸರಿಮಾಡಿಕೊಂಡು ಸುಮ್ಮನೆ ನಗುವಳು. ಒಳಗೊಳಗೆ ಹಿಗ್ಗಿ ಹೀರೆಕಾಯಿಯಾಗುತ್ತಿದ್ದಳು ಬಿಡಿ.

ಮಾಯವೇನೂ ಇರಲಿಲ್ಲ. ಹಳೇ ಸೀರೆಯ ಮೆತ್ತನೆ ತುಂಡಿಗೆ ಬೆಲ್ಲ ಕಟ್ಟಿ, ನೀರಲ್ಲದ್ದಿ, ಅಳುವ ಬಾಯಿಗಿಟ್ಟರೆ ಮುಗಿಯಿತು. ಚೀಪುತ್ತ ಚೀಪುತ್ತ ಹಾಗೇ ನಿದ್ದೆ. ಕುರುಗೋಡಿನ ತವರಲ್ಲಿ ಅವಳವ್ವ ಹಾಗೆ ಮಾಡುತ್ತಿದ್ದಳು, ಇವಳೂ ಮಾಡಿದಳು. ಕೂಸು ಅಳುವುದನ್ನು ಅವಳಿಂದ ಕೇಳಲಾಗುತ್ತಿರಲಿಲ್ಲ; ತನ್ನವು ಅಳುತ್ತಳುತ್ತಲೇ ಕಣ್ಣು ಮುಚ್ಚಿದ್ದವು.

ಎಲ್ಲರಿಗಿಂತ ಅಚ್ಚುಮೆಚ್ಚು ಪಕ್ಕದ ಮನೆ ಎರ್ರಮ್ಮನ ಮಗಳು ಅಕ್ಕನಾಗಮ್ಮ. ಓಣಿಯ ಬಾಯಲ್ಲಿ ಅವಳು ನಾಗಿ. ನಾಲ್ಕು ತುಂಬಿದ್ದರೂ ಎತ್ತಿಕೊಂಡರೆ ಹತ್ತಿಯಷ್ಟು ಹಗುರ. ಮುಂದಿನ ಹಲ್ಲು ಕರ್ರಗಾಗಿ ಮೊಂಡಾಗಿದ್ದವು. ನಗು ಬಂದರೆ ಅಂಗೈ ಬಾಯಿಗೆ ಅಡ್ಡ. ರೊಟ್ಟಿ ಕೊಟ್ಟರೆ ತುದಿ ಕಚ್ಚಿ, ಮುಖ ಕಿವಿಚಿ, ಕೆಳಗಿಡುವಳು. ಎರ್ರಮ್ಮ ದೃಷ್ಟಿ ತೆಗೆದಳು, ತಾಯತ ಕಟ್ಟಿದಳು. "ಸೊಕ್ಕು ಇದಕ್ಕ!" ಎಂದು ಒಂದೆರಡು ಬಿಗಿದಳು ಕೂಡ. ಆಗೆಲ್ಲ ಜಡೆಮ್ಮ ಮಗುವನ್ನು ಕಿತ್ತುಕೊಂಡು, "ಹಲ್ಲು ನೋವಿಗೆ ಕೂಸು ಒದ್ದಾಡಾಕತ್ತೈತಿ, ನೀ ಹೊಡಿತೀಯಲ್ಲೇ, ಪಾಪಿ!" ಎಂದು ಬೈದು, ಒಳಗೊಯ್ದು ಬಾಯಿಗೆ ಮತ್ತಿಷ್ಟು ಬೆಲ್ಲ ಇಡುವಳು. ಎಂಥ ಪ್ರೀತಿ ನೋಡಿ!

ಒಂದು ದಿನ ನಾಗಿಯ ಕೆನ್ನೆ ಊದಿ, ಕಣ್ಣೇ ಮುಚ್ಚಿಹೋಯಿತು. ಮೈ ಕಾದ ಹಂಚು. ಇಬ್ಬರೂ ಹೆಂಗಸರು ಕೂಸನ್ನೆತ್ತಿಕೊಂಡು ಬಳ್ಳಾರಿ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಎರ್ರಮ್ಮ, "ರೊಟ್ಟಿ ಕೊಟ್ರ ಮೊದಲಿಂದ ಸೊಕ್ಕು ಮಾಡ್ತೈತ್ರಿ" ಎಂದಳು. ಡಾಕ್ಟರಮ್ಮ ಬಾಯಿ ತೆಗೆಸಲು ಹೋದದ್ದೇ ತಡ, ನಾಗಿ ಕಿಟಾರನೆ ಕಿರುಚಿದಳು. ಜಡೆಮ್ಮನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಬೆಲ್ಲದ ಗಂಟು ತೆಗೆದು ಮಗುವಿನ ಬಾಯಿಗಿಟ್ಟೇಬಿಟ್ಟಳು.

"ಇದೇನಮ್ಮ?" ಎಂದರು ಡಾಕ್ಟರಮ್ಮ.

"ಬೆಲ್ಲ ರೀ. ನೋವು ಮರೀತೈತಿ, ಮಲಗ್ತೈತಿ."

"ದಿನಾ ಕೊಡ್ತೀರಾ?"

"ಹೂಂ ರೀ, ದಿನಾ. ನಡಿಯಾಕ ಬರೂಕಿಂತ ಮೊದಲಿಂದ." ಜಡೆಮ್ಮ ಹೆಮ್ಮೆಯಿಂದಲೇ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಬಾಯಲ್ಲಿ ಬೆಲ್ಲ ಇಟ್ಕೊಂಡು ಮಲಗಿದ್ರೆ ಹಲ್ಲು ಹುಳುಕಾಗದೆ ಇನ್ನೇನಾಗುತ್ತಮ್ಮ? ಸೊಕ್ಕಲ್ಲ, ನೋವಿಗೇ ಊಟ ಬಿಟ್ಟಿದೆ ಈ ಮಗು" ಎಂದಷ್ಟೇ ಹೇಳಿ, ಕೀವು ತುಂಬಿದ ಎರಡು ದವಡೆ ಹಲ್ಲು ಕಿತ್ತರು.

ಬಸ್ಸಿನಲ್ಲಿ ಜಡೆಮ್ಮ ಕೈ ಚಾಚಿದಾಗ ಎರ್ರಮ್ಮ, "ಮುಟ್ಟಬ್ಯಾಡ ನನ್ನ ಕೂಸಿನ್ನ" ಎಂದು ಎದ್ದುಹೋಗಿ ಬೇರೆ ಕಡೆ ಕೂತಳು. ಮಾರನೆಯ ದಿನದಿಂದ ನಾಗಿಯನ್ನು ಗದ್ದೆಯ ಬದುವಿಗೇ ಒಯ್ಯತೊಡಗಿದಳು. ವಿಷಯವನ್ನು ಯಾರ ಮುಂದೆಯೂ ಆಡಲಿಲ್ಲ, ಪುಣ್ಯಾತ್ಮಳು. ಜಡೆಮ್ಮ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳಿಗೆ ತಡೆಯಲಾಗಲಿಲ್ಲ. ಬಂದ ಬಂದ ತಾಯಂದಿರಿಗೆಲ್ಲ ತಾನೇ ಹೇಳಿದಳು: "ಬೆಲ್ಲ ಕೊಟ್ಟು ಹಲ್ಲು ಹಾಳ ಮಾಡಿದಾಕಿ ನಾನ. ಇನ್ನ ಕೊಡಾಂಗಿಲ್ಲ. ಕೂಸು ಅಳ್ತಾವ. ಒಪ್ಪಿದ್ರ ಬಿಡ್ರಿ."

ಎಷ್ಟೋ ಮಂದಿ ಕೂಸುಗಳನ್ನು ಎತ್ತಿಕೊಂಡು ಹೊರಟೇಹೋದರು. ಉಳಿದವು ಓಣಿ ಕಿತ್ತುಹೋಗುವಂತೆ ಅತ್ತವು.

ಆ ಅಳು ಕೇಳಿಯೇ ಎರ್ರಮ್ಮ ಒಂದು ಬೆಳಿಗ್ಗೆ ಕಟ್ಟೆಯ ಮುಂದೆ ನಿಂತಳು. ನಾಗಿ ಅವ್ವನ ಸೊಂಟದಿಂದ ಜಾರಿ, ಓಡಿಬಂದು ಜಡೆಮ್ಮನ ತೊಡೆಯೇರಿದಳು. ಅಂಗೈ ಚಾಚಿ, "ಅಜ್ಜಿ, ಬೆಲ್ಲ" ಎಂದಳು.

"ಇಲ್ಲವ್ವ, ನನ್ನ ಬಂಗಾರ."

ನಾಗಿ ಹೋ ಎಂದು ಅತ್ತಳು. ಜಡೆಮ್ಮನೂ ಅತ್ತಳು, ಆದರೆ ಜಾಗ ಬಿಟ್ಟು ಏಳಲಿಲ್ಲ. ಎರ್ರಮ್ಮ ನೋಡುತ್ತ ನಿಂತು, ರೊಟ್ಟಿ ಕಟ್ಟಿದ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ಸಂಜಿಗೆ ಬಂದು ಕರ್ಕೊಂಡು ಹೋಗ್ತೀನಿ, ಅತ್ತಿ" ಎಂದು ಗದ್ದೆಯ ಕಡೆ ನಡೆದಳು.

ಮಧ್ಯಾಹ್ನ ದಾರಿಹೋಕಳೊಬ್ಬಳು ನಕ್ಕಳು. "ಏನ್ ಜಡೆಮ್ಮಕ್ಕ, ನಿನ್ನ ಹತ್ರಾನೂ ಕೂಸು ಅಳಾಕ ಕಲ್ತಾವು?"

ಜಡೆಮ್ಮ ನಾಗಿಯ ಕಡೆ ನೋಡಿದಳು. ಹುಡುಗಿ ಕಣ್ಣೀರೊರೆಸಿಕೊಂಡು, ಉಳಿದ ದವಡೆ ಹಲ್ಲುಗಳಲ್ಲಿ ರೊಟ್ಟಿ ಅಗಿಯುತ್ತಿದ್ದಳು.

"ಅಳ್ಲಿ ಬಿಡವ್ವ," ಎಂದಳು ಜಡೆಮ್ಮ. "ಅತ್ತ ಮ್ಯಾಲ ಉಣ್ತಾವು."