ನಾನು ಬಿಚ್ಚಿಕೊಡದ ಹೊಲಿಗೆ

ಟೈಫಾಯ್ಡ್ ಬಿಟ್ಟ ಹದಿನೈದನೆಯ ದಿನ ನನ್ನ ತಂಗಿ ವಸಂತಿ ಒಂದು ಪೌಂಡ್ ಬ್ರೆಡ್ಡನ್ನು ಒಬ್ಬಳೇ ತಿಂದಳು. ನಮಗೆ ಸಂತೋಷವಾಯಿತು. ಜ್ವರ ಎರಡು ಸಲ ಮರುಕಳಿಸಿ, ಮೂರು ತಿಂಗಳು ಕ್ಯಾಪ್ಸೂಲು ನುಂಗಿ ಅವಳು ಕಡ್ಡಿಯಾಗಿದ್ದಳು. ಮಜ್ಜಿಗೆ, ತಂಗಳನ್ನ ಶೀತವೆಂದು ಅಮ್ಮ ನಿಲ್ಲಿಸಿದ್ದರು. ಬ್ರೆಡ್ಡು, ಬಿಸ್ಕತ್ತು, ಗ್ಲೂಕೋಸ್ ನೀರು. ಕಾಯಿಲೆಯಿಂದ ಎದ್ದವರಿಗೆ ಅದೇ ಒಳ್ಳೆಯದೆಂದು ನಂಬಿದ್ದೆವು. ಆಮೇಲೂ ಅವಳಿಗೆ ಅದೇ ರೂಢಿಯಾಯಿತು.

ಬ್ರೆಡ್ಡು ಮುಗಿಸಿ ಕೇಳಿದಳು, "ಅಕ್ಕಾ, ಇನ್ನೆಂತ ಇದೆ?"

ಆ ಪ್ರಶ್ನೆ ಆರು ವರ್ಷ ನಿಲ್ಲಲಿಲ್ಲ.

ಸಾಗರದಲ್ಲಿ ನನ್ನದು ಹೊಲಿಗೆ ಅಂಗಡಿ. ವಸಂತಿ ಆನಂದಪುರದ ಬಾಲವಾಡಿಯಲ್ಲಿ ಟೀಚರು. ಅವಳು ದಪ್ಪಗಾಗುತ್ತ ಹೋದದ್ದು ಮೊದಲು ಗೊತ್ತಾದದ್ದು ನನ್ನ ಟೇಪಿಗೆ. ರವಿಕೆ ಹೊಲಿಯುವಾಗ ಬಗಲಿನ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತೇವೆ, ಮೈ ತುಂಬಿದರೆ ಬಿಚ್ಚಿ ಸಡಿಲಿಸಲು. ಹಳೆಯ ರವಿಕೆಗಳಲ್ಲಿ ಬಿಟ್ಟದ್ದೆಲ್ಲ ಒಂದೇ ವರ್ಷದಲ್ಲಿ ಮುಗಿಯಿತು.

ಬಾಯಿ ಕಟ್ಟಬೇಕು ಎಂದರು ಎಲ್ಲರೂ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರು, "ಏನು ಟೀಚರಮ್ಮ, ಎರಡು ಟಿಕೆಟ್ ಹರೀಲಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ.

ನಾನೂ ನಕ್ಕೆ.

ಅವಳು ಒಂದೇ ಒಂದು ಸಲ ನನಗೆ ಬಿಡಿಸಿ ಹೇಳಲು ನೋಡಿದಳು. "ಅಕ್ಕಾ, ಹೊಟ್ಟೆ ಬಿರಿಯೋ ಹಾಗಿದೆ. ಆದ್ರೂ ತಲೆಯೊಳಗೆ ಹಸಿವು ಹೋಗ್ತಾ ಇಲ್ಲ."

"ತಲೆಗೆ ಎಂತದೇ ಹಸಿವು? ನಾಲಿಗೆ ಚಪಲ ಅನ್ನು."

ಮತ್ತೆ ಆ ಮಾತು ಎತ್ತಲಿಲ್ಲ. ಕದ್ದು ತಿನ್ನತೊಡಗಿದಳು. ಅಂಗಡಿಯ ಚಿಂದಿ ಚೀಲದಲ್ಲಿ ಬಿಸ್ಕತ್ತಿನ ಕಾಗದ ಸಿಕ್ಕಿದ ದಿನ ಅಮ್ಮ ಅಡುಗೆಮನೆಗೆ ಬೀಗ ಹಾಕಿದರು. ನನಗೆ ಬೇರೆ ಉಪಾಯ ಹೊಳೆಯಿತು. ಹೊಸ ರವಿಕೆಗಳನ್ನು ಅಳತೆಗಿಂತ ಒಂದೂವರೆ ಇಂಚು ಕಡಿಮೆ ಇಟ್ಟು ಹೊಲಿದೆ. ಮೈ ಬಿಗಿಯುತ್ತಿದ್ದರೆ ತಟ್ಟೆಯ ಮುಂದೆ ಕೂತಾಗ ನೆನಪಾಗುತ್ತದೆ ಎಂದುಕೊಂಡೆ. ಒಳಗೆ ಬಟ್ಟೆ ಧಾರಾಳವಾಗಿ ಬಿಟ್ಟಿದ್ದೆ. ಮನಸ್ಸು ಮಾಡಿದ್ದರೆ ಯಾವತ್ತು ಬೇಕಾದರೂ ಸಡಿಲಿಸಬಹುದಿತ್ತು.

"ಬಗಲು ಕಚ್ತದೆ ಅಕ್ಕಾ. ಸ್ವಲ್ಪ ಬಿಚ್ಚಿ ಕೊಡೇ."

"ನೀನು ಇಳಿ. ರವಿಕೆ ತಾನಾಗಿ ಸಡಿಲಾಗ್ತದೆ."

ಕೆಲವು ತಿಂಗಳು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಒಪ್ಪಿಕೊಂಡಳು ಎಂದು ನಾನು ತಿಳಿದೆ. ಅವಳು ಹತ್ತಿರ ಬಂದರೆ ಏನೋ ವಾಸನೆ ಬರುತ್ತಿತ್ತು. ಸರಿಯಾಗಿ ಸ್ನಾನ ಮಾಡು ಎಂದು ಅಮ್ಮ ಗದರಿದರು.

ಒಂದು ಬೆಳಗ್ಗೆ ಚಳಿಜ್ವರ ಬಂತು. ಟೈಫಾಯ್ಡೇ ತಿರುಗಿ ಬಂತೆಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಿಸ್ಟರಿಗೆ ರವಿಕೆ ತೆಗೆಯಲಾಗಲಿಲ್ಲ. ಕತ್ತರಿಯಿಂದ ಕತ್ತರಿಸಿದರು. ಎಡಬಗಲಲ್ಲಿ, ಹೊಲಿಗೆ ಹೋದ ಗೆರೆಯ ಗುಂಟ, ಗೇಣುದ್ದ ಹುಣ್ಣು. ಕೀವು. ಅದಕ್ಕೆ ಒತ್ತಿಟ್ಟುಕೊಂಡಿದ್ದ ಬಟ್ಟೆ ತುಂಡುಗಳು ನನ್ನ ಅಂಗಡಿಯವು.

ಯೂರಿನ್ ಟೆಸ್ಟಿನಲ್ಲಿ ಶುಗರ್ ಸಿಕ್ಕಿತು. ಶುಗರ್ ಇದ್ದದ್ದರಿಂದ ಹುಣ್ಣು ಮಾಯಲಿಲ್ಲ, ಈಗ ನಂಜು ರಕ್ತಕ್ಕೆ ಸೇರಿದೆ ಎಂದರು. ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಟೈಫಾಯ್ಡಿನ ದಿನದಿಂದ ಎಲ್ಲವನ್ನೂ ಕೇಳಿ ಬರೆದುಕೊಂಡರು. ಬೀಗದ ವಿಷಯ ಹೇಳಿದೆ. ರವಿಕೆಯ ವಿಷಯ ಹೇಳಲಿಲ್ಲ.

"ತಲೆಯೊಳಗೆ ಹಸಿವು ಅಂತಿದ್ರಾ?" ಎಂದು ಎರಡು ಸಲ ಕೇಳಿದರು. "ನಮ್ಮ ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರ್ತವೆ. ಅಷ್ಟು ದಿನ ಕ್ಯಾಪ್ಸೂಲ್ ತಗೊಂಡ್ರೆ ರೋಗದ ಜತೆ ಅವೂ ಸಾಯ್ತವೆ. ಊಟಾನೂ ಬದಲಾಯ್ತಲ್ಲ. ಹೊಟ್ಟೆ ತುಂಬ್ತು ಅಂತ ಮೆದುಳಿಗೆ ತಿಳಿಯೋದರಲ್ಲಿ ಅವುಗಳ ಪಾಲೂ ಇರಬಹುದೇನೋ. ನಾನು ಓದಿದ ಪುಸ್ತಕದಲ್ಲಿ ಇದಿಲ್ಲ, ನಂಗೂ ಗೊತ್ತಿಲ್ಲ. ಆದ್ರೆ ಅವ್ರು ಸುಳ್ಳು ಹೇಳಿದ್ರು ಅಂತ ಮಾತ್ರ ನಾನು ಅನ್ನಲ್ಲ."

ಆರು ವರ್ಷದಲ್ಲಿ ವಸಂತಿಯ ಮಾತನ್ನು ನಂಬಿದವರು ಅವರೊಬ್ಬರೇ. ಆ ಮಾತು ಅವಳ ಕಿವಿಗೂ ಬಿದ್ದಿರಬೇಕು. ಕಣ್ಣು ಬಿಟ್ಟು ಅವರನ್ನೇ ನೋಡಿದಳು. ನನ್ನನ್ನು ನೋಡಲಿಲ್ಲ. ಡಾಕ್ಟರಮ್ಮ ಅಂದದ್ದು ಸರಿಯೋ ತಪ್ಪೋ ತಿಳಿಯುವಷ್ಟು ನಾನು ಓದಿದವಳಲ್ಲ. ಅವಳು ಬದುಕಿದ್ದಾಗಲೇ ಅಂದರಲ್ಲ, ಅಷ್ಟಕ್ಕೆ ಅವರಿಗೆ ಋಣಿಯಾಗಿದ್ದೇನೆ.

ಐದನೆಯ ದಿನ ಮಧ್ಯಾಹ್ನ ಗಂಜಿ ಕುಡಿಸಿದೆ. ಎರಡು ಚಮಚಕ್ಕೆ, "ಸಾಕು" ಎಂದಳು.

ಎಷ್ಟು ವರ್ಷದ ಮೇಲೆ ಕೇಳಿದ ಮಾತು. ಓಡಿಹೋಗಿ ಸಿಸ್ಟರಿಗೆ ಹೇಳಿದೆ. ಅವರು ನನ್ನ ಮುಖ ನೋಡದೆ ಡ್ರಿಪ್ಪಿನ ಬಾಟಲಿ ನೋಡಿದರು.

ಸಂಜೆ ಹೋದಳು.

ಕೊನೆಯದಾಗಿ ಉಡಿಸಲು ರವಿಕೆ ಬೇಕಾಗಿತ್ತು. ಅವಳದೇ ಒಂದನ್ನು ತೆಗೆದುಕೊಂಡು ಅಂಗಡಿಗೆ ಹೋದೆ. ಎರಡೂ ಬಗಲು ಬಿಚ್ಚಿ, ಒಳಗಿನ ಬಟ್ಟೆ ಹೊರಗೆ ತಂದು, ಹೊಸ ಹೊಲಿಗೆ ಹಾಕಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.